ತಿಂಗಳ ಪುಟದಲ್ಲಿ ಸಂತರೂ ಮಳೆಗಾಲವೂ: ನಮ್ಮೂರ ಕ್ಯಾಲೆಂಡರಿಗೆ ಯಾವ ಲೆಕ್ಕ ಹಿಡಿಯೋಣ?

ಕುಲಶೇಖರದವಳು

ನಮ್ಮ ವಾಳೆಯವರು (ಇಗರ್ಜಿಯ ವಾರ್ಡಿನವರು) 2027ರ ವರ್ಷಕ್ಕೆ ಒಂದು ಗೋಡೆ ಕ್ಯಾಲೆಂಡರ್ ಅಚ್ಚು ಹಾಕಿಸಲು ಹೊರಟಿದ್ದಾರೆ. ತಿಂಗಳಿಗೊಂದು ಪುಟ. ಒಂದು ಬದಿಯಲ್ಲಿ ಆ ತಿಂಗಳ ಸಂತರ ಹಬ್ಬಗಳು, ಇನ್ನೊಂದು ಬದಿಯಲ್ಲಿ ಋತುವಿನ ಸಂಗತಿಗಳು: ಮಳೆ, ಬಿತ್ತನೆ, ಮೀನು, ಕಾಯಿಪಲ್ಲೆ. ವಿಷಯ ಹೊಂದಿಸುವ ಕೆಲಸವನ್ನು ವಾಳೆಯ ಮುಖ್ಯಸ್ಥರಾದ ಗುರಿಕಾರರು ನನ್ನ ತಲೆಗೆ ಕಟ್ಟಿದ್ದಾರೆ. ಮಾದರಿಗೆಂದು ನನ್ನ ಕೈಗೆ ಬಂದದ್ದು ಇಂಗ್ಲೆಂಡಿನ ತಿಂಗಳವಾರು ಸಂತರ ಪಟ್ಟಿ. ಅದರಲ್ಲಿ ಜುಲೈ 15ರಂದು ಸಂತ ಸ್ವಿದನ್ನರ ದಿನ. ಅಂದು ಮಳೆ ಬಂದರೆ ಮುಂದಿನ 40 ದಿನ ಮಳೆ ಬಿಡದು ಎಂಬ ನಂಬಿಕೆ. ಮೇ 11ರಿಂದ ಮೂರು ದಿನ, ಯುರೋಪಿನ ಕೆಲವು ಕಡೆಗಳಲ್ಲಿ, 'ಹಿಮದ ಸಂತರು'. ಆ ದಿನಗಳು ಕಳೆಯುವವರೆಗೆ ಎಳೆಯ ಗಿಡಗಳನ್ನು ಹೊರಗೆ ನೆಡಬಾರದಂತೆ. ನವೆಂಬರ್ 11ಕ್ಕೆ ಸಂತ ಮಾರ್ಟಿನ್ನರ ಹೆಸರಿನಲ್ಲಿ ಕೆಲವು ದಿನದ ಬೆಚ್ಚನೆಯ ಬಿಸಿಲು.

ಇದನ್ನು ಹಾಗೆಯೇ ಮಂಗಳೂರಿನ ಗೋಡೆಗೆ ತಂದರೆ ನಗೆಪಾಟಲಾಗುತ್ತದೆ. ತೆಗೆದುಹಾಕಿದರೆ ಉಳಿಯುವುದು ಬರೀ ಹೆಸರುಗಳ ಸಾಲು. ಆದ್ದರಿಂದ ಎರಡು ಪ್ರಶ್ನೆಗಳು. ನಮ್ಮ ಕರಾವಳಿಯಲ್ಲಿ ಸಂತರ ದಿನಗಳಿಗೂ ಋತುವಿಗೂ ನಿಜವಾದ ನಂಟು ಉಂಟೇ, ಅಥವಾ ನಾವು ಬಲವಂತವಾಗಿ ಗಂಟು ಹಾಕುತ್ತಿದ್ದೇವೆಯೇ? ಪುಟಗಳನ್ನು ಜನವರಿಯಿಂದ ಡಿಸೆಂಬರ್ ಎಂದು ಮಾಡಬೇಕೇ, ಇಲ್ಲ ಸಂಕ್ರಮಣದಿಂದ ಸಂಕ್ರಮಣಕ್ಕೆ, ತುಳು ತಿಂಗಳುಗಳಂತೆ ಪಗ್ಗುವಿನಿಂದ ಸುಗ್ಗಿಯವರೆಗೆ ಮಾಡಬೇಕೇ?

ಬಿಕರ್ನಕಟ್ಟೆ ಬಸ್‌ಸ್ಟಾಂಡ್

ಜುಲೈ 15ರಂದು ಮಳೆ ಬಂದರೆ 40 ದಿನ ಮಳೆ ಎಂಬುದನ್ನು ಮಾತ್ರ ಖಂಡಿತ ಹಾಕಿ ಮಾರಾಯರೇ, ನಮ್ಮಲ್ಲಿ ಅದು ಪ್ರತಿ ವರ್ಷವೂ ಸತ್ಯವಾಗುತ್ತದೆ.

ಶಿರ್ವದ ಮೇಷ್ಟ್ರು

ನಕ್ಕು ಮುಗಿದ ಮೇಲೆ ಒಂದು ವಿಷಯ ಗಮನಿಸಬೇಕು. ಆ ನಂಬಿಕೆ ಹುಟ್ಟಿದ ದಿನ ಈಗಿನ ಜುಲೈ 15 ಅಲ್ಲವೇ ಅಲ್ಲ. ಬ್ರಿಟನ್ನಿನವರು 1752ರಲ್ಲಿ ಗ್ರೆಗೋರಿಯನ್ ಪದ್ಧತಿಗೆ ಬಂದಾಗ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಿದರು. ನಡುವಿನ 11 ದಿನಗಳು ಲೆಕ್ಕದಿಂದ ಹೋದವು. ಸಂತರ ದಿನಾಂಕ ಅದೇ ಉಳಿಯಿತು, ಆದರೆ ಸೂರ್ಯನಿಗೂ ಆ ದಿನಾಂಕಕ್ಕೂ ಇದ್ದ ಸಂಬಂಧ ಜಾರಿತು. ಡಿಸೆಂಬರ್ 13ರ ಸಂತ ಲೂಸಿಯವರ ದಿನವೂ ಹೀಗೆಯೇ. ಹಳೆಯ ಜೂಲಿಯನ್ ಲೆಕ್ಕದಲ್ಲಿ, 14ನೆಯ ಶತಮಾನದ ಸುಮಾರಿಗೆ, ವರ್ಷದ ಅತಿ ದೀರ್ಘ ರಾತ್ರಿ ಆ ದಿನಾಂಕದ ಹತ್ತಿರ ಬರುತ್ತಿತ್ತು. ಈಗ ಅದು 21 ಅಥವಾ 22ಕ್ಕೆ ಬರುತ್ತದೆ, ಆದರೂ ಹಾಡು, ದೀಪ ಎಲ್ಲವೂ 13ರಲ್ಲಿಯೇ ಉಳಿದಿವೆ.

ರೋಮಿನ ಕಡೆಯವರು ಈ ಬದಲಾವಣೆಯನ್ನು ಅದಕ್ಕೂ ಮೊದಲೇ, 1582ರಲ್ಲಿ ಮಾಡಿದ್ದರು. ಆ ವರ್ಷ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15. ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು ಸರಿಯಾಗಿ ಆ ರಾತ್ರಿಯಲ್ಲಿ. 4ರಂದು ತೀರಿಕೊಂಡವರ ಹಬ್ಬ 15ಕ್ಕೆ ಬೀಳುವುದು ಆ ಕಾರಣದಿಂದ; 4ನೆಯ ತಾರೀಖಿನಲ್ಲಿ ಅಸ್ಸಿಸಿಯ ಫ್ರಾನ್ಸಿಸರು ಮೊದಲೇ ಕೂತಿದ್ದರು ಎಂಬುದೂ ಇದೆ. ಹಾಗಾಗಿ ಯುರೋಪಿನ ಪಟ್ಟಿಯಲ್ಲಿಯೂ ಸಂತರಿಗೂ ಹವಾಮಾನಕ್ಕೂ ಇರುವ ಗಂಟು ನಾವು ಅಂದುಕೊಂಡಷ್ಟು ಬಿಗಿಯಾದದ್ದಲ್ಲ.

ಕಿನ್ನಿಗೋಳಿ ಗದ್ದೆ

ಮೇಷ್ಟ್ರು ಹೇಳಿದ್ದು ಸರಿ, ಆದರೆ ನಮ್ಮ ಕಡೆಯ ಒಂದು ಗಂಟು ಮಾತ್ರ ಬಿಗಿಯಾಗಿಯೇ ಇದೆ: ಸೆಪ್ಟೆಂಬರ್ 8, ಮೊಂತಿ ಫೆಸ್ತ್. ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬವನ್ನು ಲೋಕದ ಎಲ್ಲ ಕಥೋಲಿಕರೂ ಆಚರಿಸುತ್ತಾರೆ. ತೆನೆ ಆಶೀರ್ವದಿಸಿ ಮನೆಗೆ ತಂದು, ಹೊಸ ಅಕ್ಕಿ ಉಣ್ಣುವ ಹಬ್ಬವನ್ನಾಗಿ ಅದನ್ನು ಮಾಡಿಕೊಂಡವರು ಕೊಂಕಣ ಕರಾವಳಿಯ ನಾವು. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂಡ ಅವರು ಇದನ್ನು ಆರಂಭಿಸಿದರು ಎಂಬುದು ನಮ್ಮಲ್ಲಿ ನಡೆದು ಬಂದ ಮಾತು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಇಗರ್ಜಿಗೆ ಹೋಗುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಗದ್ದೆಯ ಲೆಕ್ಕ ನೋಡಿ. ನಮ್ಮಲ್ಲಿ ಏಣೆಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಹೆಚ್ಚಿನವರು ಹಾಕುವುದು ಎಂಒ4 ಭತ್ತ. ಅದು ಸುಮಾರು 130 ದಿನದ ತಳಿ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು, ಜೂನ್ ಮೊದಲ ವಾರ ನೇಜಿಗೆ (ಸಸಿಗೆ) ಬಿತ್ತಿದರೆ ಕೊಯ್ಲಿಗೆ ಬರುವುದು ಅಕ್ಟೋಬರ್ ಎರಡನೆಯ ವಾರಕ್ಕೆ. ಅದಕ್ಕೆ ಒಂದು ತಿಂಗಳ ಹಿಂದೆ, ಅಂದರೆ ಸರಿಯಾಗಿ ಹಬ್ಬದ ಹೊತ್ತಿಗೆ, ತೆನೆ ಹೊರಗೆ ಬಂದಿರುತ್ತದೆ ಅಷ್ಟೆ. ಒಂದು ಕಾಳು ಕಿತ್ತು ಉಗುರಿನಲ್ಲಿ ಒತ್ತಿದರೆ ಬಿಳಿ ಹಾಲು ಚಿಮ್ಮುತ್ತದೆ. ಇಗರ್ಜಿಯ ಮೆರವಣಿಗೆಗೆ ಅದು ಸಾಕು. ಆದರೆ ಮನೆಯಲ್ಲಿ ಕಾಳು ಸುಲಿದು, ಅಕ್ಕಿ ಪುಡಿ ಮಾಡಿ, ತೆಂಗಿನ ಹಾಲಿಗೋ ಪಾಯಸಕ್ಕೋ ಹಾಕಿ ಮನೆಯ ಹಿರಿಯರ ಕೈಯಿಂದ ಎಲ್ಲರಿಗೂ ಕೊಡಬೇಕಲ್ಲ, ಆ ಹಾಲುಗಾಳಿನಲ್ಲಿ ಅಕ್ಕಿ ಎಲ್ಲಿಂದ ಬರಬೇಕು? ಅದಕ್ಕಾಗಿಯೇ ನಾವು ಗದ್ದೆಯ ಒಂದು ಮೂಲೆಗೆ ಬೇಗ ಬಲಿಯುವ ತಳಿಯನ್ನು ಸ್ವಲ್ಪ ಮುಂಚಿತವಾಗಿ ಹಾಕುತ್ತೇವೆ. ಆ ಮೂಲೆಯನ್ನು ನವಿಲಿನಿಂದ ಕಾಯುವುದೇ ಆಗಸ್ಟ್ ತಿಂಗಳ ದೊಡ್ಡ ಕೆಲಸ. ನಿಮ್ಮ ಕ್ಯಾಲೆಂಡರಿನ ಜೂನ್ ಪುಟದಲ್ಲಿ "ಹಬ್ಬದ ತೆನೆಗೆ ಈಗಲೇ ಬಿತ್ತಿ" ಎಂದು ಒಂದು ಸಾಲು ಇರಲಿ. ಋತುವಿನ ಮಾಹಿತಿ ಎಂದರೆ ಇಂಥದ್ದು. ಹಬ್ಬದ ದಿನವೇ "ಇಂದು ತೆನೆ ಹಬ್ಬ" ಎಂದು ಹೇಳುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಕುಲಶೇಖರದವಳು

ಇದು ನನಗೆ ಹೊಳೆದಿರಲಿಲ್ಲ ಅಣ್ಣ. ಹಬ್ಬದ ಪುಟದಲ್ಲಿ ಹಬ್ಬ, ಅದರ ತಯಾರಿಯ ಪುಟದಲ್ಲಿ ತಯಾರಿ. ಬರೆದುಕೊಂಡೆ.

ಕಂಕನಾಡಿ ಮಾರ್ಕೆಟ್

ಪೇಟೆಯಲ್ಲಿ ಗದ್ದೆ ಎಲ್ಲಿದೆ? ಫ್ಲಾಟಿನಲ್ಲಿ ಇರುವ ನಮಗೆ ತೆನೆ ಇಗರ್ಜಿಯಿಂದ ಬರುತ್ತದೆ, ಇಗರ್ಜಿಗೆ ಎಲ್ಲಿಂದಲೋ ತರಿಸುತ್ತಾರೆ. ಜೂನ್ ಪುಟದ ಆ ಸಾಲು ಎಷ್ಟು ಮನೆಗೆ ಉಪಯೋಗ?

ಕಿನ್ನಿಗೋಳಿ ಗದ್ದೆ

ತರಿಸುವುದಕ್ಕಾದರೂ ಯಾರಾದರೂ ಬಿತ್ತಿರಬೇಕಲ್ಲ ಮಾರಾಯರೇ.

ರಥಬೀದಿ, ಉಡುಪಿ

ಮೊಂತಿ ಫೆಸ್ತಿನ ತೆನೆಯಂತೆಯೇ ನಮ್ಮಲ್ಲಿ ಕುರಲ್ (ತೆನೆ) ಕಟ್ಟುವುದು, ಹೊಸ ಅಕ್ಕಿ ಊಟ ಎಲ್ಲವೂ ಅದೇ ಗದ್ದೆಯನ್ನು ನೋಡಿಕೊಂಡು ಬಂದವು. ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆಯೊಂದಿಗೆ ತೆನೆಯನ್ನು ಸೇರಿಸಿ ಕಂಬಕ್ಕೆ ಕಟ್ಟುತ್ತೇವೆ. ಸೆಪ್ಟೆಂಬರ್ 8 ಎಂದರೆ ತುಳುವಿನ ಸೋಣ ತಿಂಗಳ (ಸಿಂಹ ಮಾಸದ) ನಡು ದಾಟಿದ ದಿನ. ಹಾಗಾಗಿ ಆ ಪುಟದಲ್ಲಿ ಎರಡನ್ನೂ ಹಾಕಿದರೆ ನೆರೆಮನೆಯವರೂ ಒಂದು ಪ್ರತಿ ಕೊಂಡುಹೋಗುತ್ತಾರೆ.

ಎರಡನೆಯ ಪ್ರಶ್ನೆಗೆ ನನ್ನ ಮತ ಸಂಕ್ರಮಣಕ್ಕೇ. ಉಡುಪಿಯವರು ಸೌರಮಾನದವರು. ಕೃಷ್ಣಾಷ್ಟಮಿಯನ್ನೂ ನಾವು ಸಿಂಹ ಮಾಸ ನೋಡಿ ಆಚರಿಸುವವರು. ಆದ್ದರಿಂದಲೇ ಕೆಲವು ವರ್ಷ ಘಟ್ಟದ ಮೇಲಿನವರ ಅಷ್ಟಮಿಗೂ ನಮ್ಮ ಅಷ್ಟಮಿಗೂ ವಾರಗಟ್ಟಲೆ ಅಂತರ ಬೀಳುತ್ತದೆ. ಕೃಷ್ಣಮಠದ ಪರ್ಯಾಯವನ್ನು ನೋಡಿ, ಸಮ ಸಂಖ್ಯೆಯ ವರ್ಷಗಳಲ್ಲಿ ಮಕರ ಸಂಕ್ರಮಣ ಕಳೆದು ಜನವರಿ 18ಕ್ಕೇ ಬರುತ್ತದೆ. ಮಳೆ ನಕ್ಷತ್ರಗಳೂ ಸೂರ್ಯನ ಲೆಕ್ಕದವು. ಏಪ್ರಿಲ್ 27ರ ಸುಮಾರಿಗೆ ಭರಣಿ, ಮೇ 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರಾ, ಜೂನ್ 22ಕ್ಕೆ ಆರ್ದ್ರಾ. ಒಂದೊಂದು ಹದಿಮೂರು ಹದಿನಾಲ್ಕು ದಿನ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಮಾತು ಸುಮ್ಮನೆ ಹುಟ್ಟಿತೇ? ಸ್ವಿದನ್ನರಿಗಿಂತ ನಮಗೆ ಭರಣಿಯೇ ವಾಸಿ. ಋತುವನ್ನು ಹೇಳುವ ಕ್ಯಾಲೆಂಡರ್ ನಮ್ಮಲ್ಲಿ ಬೇರೆಯೇ ಇರುವಾಗ ಜನವರಿ, ಫೆಬ್ರವರಿಯ ಚೌಕಟ್ಟು ಏಕೆ? ಬಿಸು, ಅಂದರೆ ಮೇಷ ಸಂಕ್ರಮಣದ ನಮ್ಮ ಹೊಸ ವರ್ಷ, ಎಂದೆಂದಿಗೂ ಏಪ್ರಿಲ್ 14, 15ರಂದೇ, ಕದಲುವುದಿಲ್ಲ.

ಶಿರ್ವದ ಮೇಷ್ಟ್ರು

ಎಂದೆಂದಿಗೂ ಅಲ್ಲ. ನಮ್ಮ ಸಂಕ್ರಮಣ ನಕ್ಷತ್ರಗಳನ್ನು ನೋಡಿ ಎಣಿಸುವ ವರ್ಷದ್ದು. ಅದು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಹೆಚ್ಚುಕಡಿಮೆ 72 ವರ್ಷಕ್ಕೆ ಒಂದು ದಿನದಂತೆ ಬಿಸು ಮುಂದೆ ಹೋಗುತ್ತಿದೆ. ಸಾವಿರ ವರ್ಷದಲ್ಲಿ ಅದು ಎರಡು ವಾರ. ಮೇಷ ಸಂಕ್ರಮಣ ಒಂದು ಕಾಲದಲ್ಲಿ ಹಗಲು ರಾತ್ರಿ ಸಮನಾಗುವ ದಿನದ ಬಳಿಯಲ್ಲಿಯೇ ಇದ್ದದ್ದು. ಋತುವನ್ನು ಬಿಡದೆ ಹಿಡಿದಿರುವ ಲೆಕ್ಕ ಬೇಕೆಂದರೆ, ನೀವು ಒಪ್ಪಿ ಬಿಡಿ, ಗ್ರೆಗೋರಿಯನ್ನೇ ಮೇಲು.

ರಥಬೀದಿ, ಉಡುಪಿ

ಗೋಡೆಗೆ ತೂಗುಹಾಕುವ ಕ್ಯಾಲೆಂಡರಿಗೆ ಒಂದು ವರ್ಷದ ಆಯುಷ್ಯ ಮೇಷ್ಟ್ರೇ, ಸಾವಿರ ವರ್ಷದ್ದಲ್ಲ.

ಕಾರ್ಕಳ ಕಲ್ಲು

ಸಂತರು ನಮ್ಮ ಮಳೆಗೆ ಹೊಂದಿಕೊಂಡ ಇನ್ನೊಂದು ಉದಾಹರಣೆ ನಮ್ಮ ಅತ್ತೂರು. ಸಂತ ಲಾರೆನ್ಸರ ಹಬ್ಬ ಲೋಕಕ್ಕೆಲ್ಲ ಆಗಸ್ಟ್ 10. ಅತ್ತೂರಿನ ಬಸಿಲಿಕದ ವಾರ್ಷಿಕ ಮಹೋತ್ಸವ ನಡೆಯುವುದು ಜನವರಿಯ ಕೊನೆಗೆ. ಜಾತಿಮತ ನೋಡದೆ ಜನ ಬರುವ, ಮೊಂಬತ್ತಿಯ ಸಾಲು, ಸಂತೆ, ಐದು ದಿನದ ಜನಜಂಗುಳಿ ಇರುವ ಆ ಜಾತ್ರೆಯನ್ನು ಕಾರ್ಕಳದ ಆಗಸ್ಟ್ ಮಳೆಯಲ್ಲಿ ನಡೆಸಿ ನೋಡೋಣ! ಯುರೋಪಿನ ಬೇಸಗೆಯ ಸಂತರನ್ನು ನಾವು ನಮ್ಮ ಚಳಿಗಾಲಕ್ಕೆ ತಂದು ಕೂರಿಸಿದ್ದೇವೆ.

ಬೋಂದೆಲ್ ಗುಡ್ಡೆ

ಮಳೆಯೇ ಕಾರಣವಾಗಿದ್ದರೆ ಬೋಂದೆಲಿನವರು ಏನು ಒಣ ನಾಡಿನಲ್ಲಿ ಇದ್ದಾರೆಯೇ? ನಮ್ಮ ಲಾರೆನ್ಸರ ಹಬ್ಬ ಆಗಸ್ಟ್ 10ಕ್ಕೇ ನಡೆಯುತ್ತದೆ. ಕೊಡೆ ಹಿಡಿದು ಒಂಬತ್ತು ದಿನದ ನೊವೆನಾ ಪ್ರಾರ್ಥನೆಗೆ ಹೋಗುತ್ತೇವೆ, ಕೊಡೆ ಹಿಡಿದು ಹಬ್ಬಕ್ಕೂ ಹೋಗುತ್ತೇವೆ. ಇಗರ್ಜಿಯ ಮೆಟ್ಟಿಲಿನ ಬಳಿ ಒದ್ದೆ ಚಪ್ಪಲಿಗಳ ರಾಶಿಯಲ್ಲಿ ನಮ್ಮ ಜೋಡಿಯನ್ನು ಹುಡುಕಿಕೊಳ್ಳುವುದೂ ಹಬ್ಬದ ಒಂದು ಭಾಗ. ದಯವಿಟ್ಟು ಪುಟದಲ್ಲಿ ಎರಡನ್ನೂ ಬೇರೆ ಬೇರೆ ತೋರಿಸಿ. ಒಬ್ಬ ಸಂತರಿಗೆ ಎರಡು ದಿನ ಇದ್ದರೆ ತಪ್ಪೇನಿಲ್ಲ; ಸಂತ ಜೋಸೆಫರಿಗೇ ಮಾರ್ಚ್ 19 ಒಂದು, ಮೇ 1 ಇನ್ನೊಂದು ಇಲ್ಲವೇ?

ಕಾರ್ಕಳ ಕಲ್ಲು

ಬೋಂದೆಲಿನವರ ಧೈರ್ಯಕ್ಕೆ ನಮಸ್ಕಾರ. ಐದು ದಿನ ಬಯಲಿನಲ್ಲಿ ಅಂಗಡಿ ಹಾಕುವವರ ಬಳಿ ಆ ಮಾತು ಹೇಳಿ ನೋಡಿ.

ಮಲ್ಪೆ ಬಂದರು

ಮೀನಿನ ಕಾಲಂಗೆ ಯಾರೂ ಕೈ ಹಾಕಿಲ್ಲವಾದ್ದರಿಂದ ನಾನು ಹೇಳುತ್ತೇನೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು, ಕಡಲೂ ಬಿರುಸು. ನಿಮ್ಮ ಪಟ್ಟಿಯಲ್ಲಿ ಜೂನ್ 29ಕ್ಕೆ ಸಂತ ಪೇತ್ರರು ಇದ್ದಾರೆ. ಬಲೆ ಬಿಟ್ಟು ಕ್ರಿಸ್ತನ ಹಿಂದೆ ಹೋದವರ ಹಬ್ಬ ಬರುವುದು, ನಮ್ಮ ಬಂದರಿನಲ್ಲಿ ದೋಣಿಗಳೆಲ್ಲ ಲಂಗರು ಹಾಕಿ, ದಡದಲ್ಲಿ ಕೂತು ಬಲೆ ಹೆಣೆಯುವ ದಿನಗಳಲ್ಲಿ. ಯಾರೂ ಗಂಟು ಹಾಕಬೇಕಾಗಿಲ್ಲ, ಅದೇ ಹೊಂದಿಕೊಂಡಿದೆ. ಆ ಪುಟದಲ್ಲಿ ನಾಡದೋಣಿಯವರಿಗೆ ನಿಷೇಧವಿಲ್ಲ ಎಂಬುದನ್ನೂ ಬರೆಯಿರಿ. ಇಲ್ಲದಿದ್ದರೆ ಮಾರ್ಕೆಟಿನಲ್ಲಿ ತಾಜಾ ಮೀನು ಕಂಡವರು "ಇದು ಐಸಿನದ್ದು" ಎಂದು ವಾದಕ್ಕೆ ನಿಲ್ಲುತ್ತಾರೆ.

ಆಗಸ್ಟಿನಲ್ಲಿ ನಿಷೇಧ ಮುಗಿದ ಕೂಡಲೇ ಎಲ್ಲ ದೋಣಿಗಳೂ ಹೊರಡುತ್ತವೆ ಎಂದು ಮಾತ್ರ ಬರೆಯಬೇಡಿ. ಕಡಲಿನ ಮುಖ ನೋಡಿಕೊಂಡೇ ಹೊರಡುವುದು. ನೂಲ ಹುಣ್ಣಿಮೆಗೆ ಮೊಗವೀರರು ಸಮುದ್ರಕ್ಕೆ ಹಾಲೆರೆದು ತೆಂಗಿನಕಾಯಿ ಬಿಡುತ್ತಾರೆ. ಅದು ಚಂದ್ರನ ಲೆಕ್ಕದ ದಿನವಾದ್ದರಿಂದ ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ.

ಉಳ್ಳಾಲ ತೀರ

ಚಂದ್ರನ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಹಿಜರಿ ಲೆಕ್ಕದಲ್ಲಿ ವರ್ಷಕ್ಕೆ 354 ಅಥವಾ 355 ದಿನ. ಅಧಿಕ ಮಾಸ ಇಲ್ಲ. ಹಾಗಾಗಿ ರಮ್ಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಬರುತ್ತಾ, ಮೂವತ್ತಮೂರು ವರ್ಷದ ಸುಮಾರಿಗೆ ಎಲ್ಲ ಋತುಗಳನ್ನೂ ಸುತ್ತಿಬಿಡುತ್ತದೆ. ನನ್ನ ಅಜ್ಜ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಉಪವಾಸ ಹಿಡಿದದ್ದನ್ನೂ ಹೇಳುತ್ತಿದ್ದರು, ಬೇಸಗೆಯ ಸೆಕೆಯಲ್ಲಿ ಹಿಡಿದದ್ದನ್ನೂ ಹೇಳುತ್ತಿದ್ದರು. ನಮ್ಮ ಔಲಿಯಾಗಳ (ಸಂತರ) ಉರೂಸುಗಳನ್ನು ನೀವು ಋತುವಿನ ಕಾಲಂಗೆ ಸೇರಿಸಲು ಹೊರಟರೆ ಆಗುವುದಿಲ್ಲ. ಉಳ್ಳಾಲ ದರ್ಗಾದ ದೊಡ್ಡ ಉರೂಸ್ ಅಂತೂ ಐದು ವರ್ಷಕ್ಕೊಮ್ಮೆ.

ಆದರೆ 2027ರಲ್ಲಿ ಒಂದು ವಿಶೇಷ ಉಂಟು. ಫೆಬ್ರವರಿ 8ರ ಆಸುಪಾಸಿನಲ್ಲಿ ಚಂದ್ರ ಕಂಡರೆ ರಮ್ಜಾನ್ ಶುರು. ನಿಮ್ಮ ಉಪವಾಸ ಶುರುವಾಗುವ ವಿಭೂತಿ ಬುಧವಾರ ಎಷ್ಟಕ್ಕೆ?

ಕುಲಶೇಖರದವಳು

ಈಸ್ಟರ್ ಮಾರ್ಚ್ 28, ಆದ್ದರಿಂದ ವಿಭೂತಿ ಬುಧವಾರ ಫೆಬ್ರವರಿ 10. ಎರಡು ಮನೆಯವರ ಉಪವಾಸವೂ ಒಂದೇ ವಾರದಲ್ಲಿ!

ರಥಬೀದಿ, ಉಡುಪಿ

ಮೂರನೆಯದನ್ನೂ ಸೇರಿಸಿ. ಕೆಡ್ಡಸ ಬರುವುದೂ ಅದೇ ವಾರದಲ್ಲಿ. ಮಕರ ಮಾಸದ 27ರಿಂದ ಮೂರು ದಿನ, ಅಂದರೆ ಸರಿಸುಮಾರು ಫೆಬ್ರವರಿ 10ರಿಂದ. ಭೂಮಿತಾಯಿ ಮುಟ್ಟಾದ ದಿನಗಳೆಂದು ಆಗ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ. ಅವಲಕ್ಕಿಯ ಹಾಗಲ್ಲ, ಹುರಿದ ಅಕ್ಕಿಗೆ ಬೆಲ್ಲ, ತೆಂಗಿನಕಾಯಿ ಹಾಕಿ ನನ್ಯರಿ ಮಾಡುತ್ತೇವೆ. ನೀವಿಬ್ಬರೂ ಉಪವಾಸದಲ್ಲಿ ಇರುವಾಗ ನಾವು ನನ್ಯರಿ ತಿನ್ನುತ್ತಾ ಇರುತ್ತೇವೆ.

ಉಳ್ಳಾಲ ತೀರ

ಸಂಜೆಗೆ ಕಳುಹಿಸಿಕೊಡಿ ಅಣ್ಣ, ಉಪವಾಸ ಬಿಡಲು ಆಗುತ್ತದೆ.

ಬಲ್ಮಠ ಓದುಗ

ನಾವು ಪ್ರೊಟೆಸ್ಟೆಂಟರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಇಲ್ಲಿಗೆ ಬಂದ ಕಾಲದಿಂದಲೂ ನಮ್ಮ ಮನೆಗಳಲ್ಲಿ ಸಂತರ ಹಬ್ಬದ ವಾಡಿಕೆ ಇಲ್ಲ. ಬೆಳೆಯ ಕೃತಜ್ಞತೆಯ ಹಬ್ಬ ಇದೆ. ಹಾಗಿದ್ದೂ ಈ ಚರ್ಚೆಯಲ್ಲಿ ನನಗೆ ಒಂದು ಅನುಮಾನ. ಇಷ್ಟೊಂದು ಸಂತರನ್ನು 365 ಚೌಕದಲ್ಲಿ ತುಂಬಿಸುವುದು ಹೇಗೆ? ಯಾರನ್ನು ಇಡುವುದು, ಯಾರನ್ನು ಬಿಡುವುದು ಎಂಬುದನ್ನು ನಿರ್ಧರಿಸುವವರು ಯಾರು? 1969ರಲ್ಲಿ ರೋಮಿನವರೇ ಸಂತ ಕ್ರಿಸ್ಟೋಫರರನ್ನು ಸಂತ ಪದವಿಯಿಂದ ತೆಗೆದುಹಾಕಿದರಲ್ಲ?

ಟ್ಯಾಕ್ಸಿ ನಿಲ್ದಾಣ, ಹಂಪನಕಟ್ಟೆ

ತೆಗೆದುಹಾಕಿಲ್ಲ! ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅವರ ಪದಕ ಇದೆ, ಪಾದ್ರಿಗಳೇ ಆಶೀರ್ವದಿಸಿ ಕೊಟ್ಟದ್ದು.

ಶಿರ್ವದ ಮೇಷ್ಟ್ರು

ಟ್ಯಾಕ್ಸಿಯವರು ಹೇಳಿದ್ದೇ ಸರಿ. 1969ರಲ್ಲಿ ಆರನೆಯ ಪೌಲರ ಕಾಲದಲ್ಲಿ ಆದದ್ದು ಸಾರ್ವತ್ರಿಕ ಪಂಚಾಂಗದ ಪರಿಷ್ಕರಣೆ. ಎಲ್ಲ ದೇಶಗಳೂ ಕಡ್ಡಾಯವಾಗಿ ಆಚರಿಸಬೇಕಾದ ದಿನಗಳ ಪಟ್ಟಿಯಿಂದ ಜುಲೈ 25ರ ಕ್ರಿಸ್ಟೋಫರರ ಹೆಸರು ಹೋಯಿತು, ಸ್ಥಳೀಯ ಆಚರಣೆಗೆ ಬಿಡಲಾಯಿತು. ಸಂತರು ಸಂತರಾಗಿಯೇ ಇದ್ದಾರೆ. ಅದೇ ಪರಿಷ್ಕರಣೆಯಲ್ಲಿ ಅಪೊಸ್ತಲ ತೋಮರ ಹಬ್ಬ ಡಿಸೆಂಬರ್ 21ರಿಂದ ಜುಲೈ 3ಕ್ಕೆ ಬಂತು. ಇಂಗ್ಲೆಂಡಿನ ಹಳೆಯ ಪಟ್ಟಿಯಲ್ಲಿ ನಿಮಗೆ ತೋಮರು ಚಳಿಗಾಲದಲ್ಲಿ ಸಿಗುತ್ತಾರೆ, ನಮ್ಮಲ್ಲಿ ಮಳೆಗಾಲದಲ್ಲಿ. ಆದ್ದರಿಂದ ಹಳೆಯ ಪಟ್ಟಿಯನ್ನು ನಂಬಿ ನಕಲು ಮಾಡಬೇಡಿ ಎಂಬುದೇ ನನ್ನ ಮುಖ್ಯ ಎಚ್ಚರಿಕೆ.

ಯಾರನ್ನು ಇಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳ. ಮೊದಲು ಈ ನೆಲದಲ್ಲಿ ನಡೆದಾಡಿದವರನ್ನು ಇಡಿ. ಜನವರಿ 16, ಸಂತ ಜೋಸೆಫ್ ವಾಸ್. ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದವರು. 1681ರಿಂದ ಕೆಲವು ವರ್ಷ ನಮ್ಮ ಕೆನರಾದಲ್ಲಿಯೇ ಸೇವೆ ಮಾಡಿ, ಆಮೇಲೆ ಸಿಂಹಳಕ್ಕೆ ಹೋಗಿ ಕ್ಯಾಂಡಿಯಲ್ಲಿ 1711ರಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಮುಡಿಪುವಿನ ಗುಡ್ಡಕ್ಕೆ ಜನ ಇಂದಿಗೂ ಅವರ ಹೆಸರಿನಲ್ಲಿ ಹೋಗುತ್ತಾರೆ. ಇಂಥವರಿಗೆ ದೊಡ್ಡ ಅಕ್ಷರ. ಸ್ವಿದನ್ನರಿಗೆ ಸಣ್ಣ ಅಕ್ಷರವೂ ಬೇಡ.

ಕುಲಶೇಖರದವಳು

ಕೇರಳದ ಸಂತ ಅಲ್ಫೋನ್ಸಾ ಜುಲೈ 28, ಮದರ್ ತೆರೇಸಾ ಸೆಪ್ಟೆಂಬರ್ 5, ದೇವಸಹಾಯಂ ಜನವರಿ 14. ಇವರನ್ನೂ ಗುರುತು ಹಾಕಿಕೊಂಡಿದ್ದೇನೆ. ನನಗೆ ಪಟ್ಟಿ ಮಾಡುವಾಗ ಕಂಡದ್ದು ಒಂದು. ಹೆಚ್ಚಿನ ಸಂತರ ಹಬ್ಬ ಅವರು ತೀರಿಕೊಂಡ ದಿನ. ಹುಟ್ಟಿದ ದಿನವನ್ನು ಹಬ್ಬ ಮಾಡಿರುವುದು ಕ್ರಿಸ್ತರದ್ದು, ಮರಿಯಮ್ಮನವರದ್ದು, ಜೂನ್ 24ರಂದು ಸ್ನಾನಿಕ ಯೊವಾನ್ನರದ್ದು.

ರಥಬೀದಿ, ಉಡುಪಿ

ನಮ್ಮ ಯತಿಗಳ, ದಾಸರ ಆರಾಧನೆಯೂ ಅವರು ಹೋದ ತಿಥಿಗೇ. ಪುರಂದರದಾಸರದ್ದು ಪುಷ್ಯ ಅಮಾವಾಸ್ಯೆ, ರಾಘವೇಂದ್ರ ಸ್ವಾಮಿಗಳದ್ದು ಶ್ರಾವಣ ಬಹುಳ ಬಿದಿಗೆ, ವಾದಿರಾಜರದ್ದು ಫಾಲ್ಗುಣ ಬಹುಳ ತದಿಗೆ. ಮಧ್ವನವಮಿಯೂ ಆಚಾರ್ಯರು ಬದರಿಗೆ ತೆರಳಿ ಕಣ್ಮರೆಯಾದ ದಿನ. ಉಳ್ಳಾಲದವರ ಉರೂಸೂ ಹಾಗೆಯೇ ಅಲ್ಲವೇ?

ಉಳ್ಳಾಲ ತೀರ

ಹೌದು, ಸಾಮಾನ್ಯವಾಗಿ ವಫಾತಾದ ದಿನದ ನೆನಪಿನಲ್ಲಿಯೇ.

ಕಂಕನಾಡಿ ಮಾರ್ಕೆಟ್

ಹಾಗಾದರೆ ಎಲ್ಲರನ್ನೂ ಸೇರಿಸಿ ಒಂದೇ ಕ್ಯಾಲೆಂಡರ್ ಮಾಡಿ. ಮಾರಾಟವೂ ಆಗುತ್ತದೆ.

ಬಲ್ಮಠ ಓದುಗ

ಮಾರಾಟವಾಗುತ್ತದೆ, ಓದಲು ಆಗುವುದಿಲ್ಲ. ಒಂದು ಚೌಕದಲ್ಲಿ ಸಂತರು, ತಿಥಿ, ನಕ್ಷತ್ರ, ಹಿಜರಿ, ರಾಹುಕಾಲ, ಬ್ಯಾಂಕ್ ರಜೆ ಎಲ್ಲವನ್ನೂ ತುರುಕಿದರೆ ಭೂತಗನ್ನಡಿ ಹಿಡಿದು ಓದಬೇಕು. ವಾಳೆಯ ಕ್ಯಾಲೆಂಡರ್ ವಾಳೆಯದ್ದಾಗಿಯೇ ಇರಲಿ. ಋತುವಿನ ಬದಿ ಎಲ್ಲರದ್ದು, ಅಲ್ಲಿ ಮತದ ಗೊಡವೆ ಇಲ್ಲ.

ಪುತ್ತೂರು ತೋಟ

ಋತುವಿನ ಬದಿಯ ಬಗ್ಗೆ ಒಂದು ಗಂಭೀರ ಮಾತು. ಆಟಿಯ ಪುಟದಲ್ಲಿ ನೀವು ಖಂಡಿತವಾಗಿ ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ ಹಾಕುತ್ತೀರಿ. ಮುಂಜಾನೆ, ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಗುದ್ದಿ ತೊಗಟೆ ತರುವುದು, ಅದರ ರಸಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಓಮ ಅರೆದು ಹಾಕಿ ಬೆಣಚುಕಲ್ಲನ್ನು ಕೆಂಪಗೆ ಕಾಯಿಸಿ ಒಗ್ಗರಣೆ ಕೊಡುವುದು, ಕುಡಿದ ಮೇಲೆ ಮೆಂತೆ ಗಂಜಿ ಉಣ್ಣುವುದು ಎಂದು ಚೆನ್ನಾಗಿ ಬರೆಯಬಹುದು. ಆದರೆ ಕತ್ತಲಲ್ಲಿ ಮರ ತಪ್ಪಿದರೆ ಪ್ರಾಣಕ್ಕೆ ಕುತ್ತು. ನಮ್ಮ ಗುಡ್ಡಗಳಲ್ಲಿ ಹಾಲೆಯ ಜೊತೆಗೇ ಕಾಸರಕದ ಮರವೂ ಬೆಳೆಯುತ್ತದೆ, ಅದರ ತೊಗಟೆಯಲ್ಲಿ ವಿಷ. ಹಾಲೆಯ ಎಲೆಗಳು ಒಂದೇ ಗೆಣ್ಣಿನಲ್ಲಿ ಸುತ್ತಲೂ ಐದು, ಆರು, ಏಳು ಹೀಗೆ ಗುಂಪಾಗಿ ಬಿಡುತ್ತವೆ, ತೊಗಟೆ ಗೀರಿದರೆ ಹಾಲು ಬರುತ್ತದೆ. ಹಾಲು ಬಂದದ್ದೆಲ್ಲ ಹಾಲೆಯಲ್ಲ, ಆದ್ದರಿಂದ ಎಲೆಯನ್ನೂ ನೋಡಬೇಕು. ಹಿಂದಿನ ದಿನ ಹಗಲಿನಲ್ಲಿಯೇ, ಗೊತ್ತಿರುವ ಹಿರಿಯರನ್ನು ಕರೆದುಕೊಂಡು ಹೋಗಿ ಮರಕ್ಕೆ ಗುರುತು ಹಾಕಿ ಬನ್ನಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ. ಅದನ್ನು ಹಾಕಲು ಜಾಗವಿಲ್ಲವೆಂದರೆ ಕಷಾಯವನ್ನೇ ಬಿಡಿ. ಪತ್ರೊಡೆ, ತಜಂಕ್ ಸೊಪ್ಪು, ಕಣಿಲೆ (ಎಳೆ ಬಿದಿರು), ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ ಎಂದು ಬರೆದರೆ ಯಾರಿಗೂ ಅಪಾಯವಿಲ್ಲ.

ಕಿನ್ನಿಗೋಳಿ ಗದ್ದೆ

ಕಣಿಲೆಯನ್ನೂ ನೀರು ಬದಲಿಸಿ ಬದಲಿಸಿ ನೆನೆಸಿಡಬೇಕು ಎಂಬುದನ್ನು ಬರೆಯಬೇಕಾದೀತು. ಆಟಿಯ ಪುಟಕ್ಕೆ ಎರಡು ಹಾಳೆ ಬೇಕು.

ಕುಲಶೇಖರದವಳು

ಇಷ್ಟು ಓದಿದ ಮೇಲೆ ನಾನು ಒಂದು ನಕ್ಷೆ ಹಾಕಿದ್ದೇನೆ, ಗುರಿಕಾರರಿಗೂ ತೋರಿಸಿದೆ. ಪುಟ ಜನವರಿಯಿಂದ ಡಿಸೆಂಬರ್, ಏಕೆಂದರೆ ಶಾಲೆ, ಸಂಬಳ, ಇಗರ್ಜಿಯ ಓದು ಎಲ್ಲವೂ ಅದರಲ್ಲಿಯೇ ನಡೆಯುತ್ತದೆ. ಆದರೆ ಪ್ರತಿ ಪುಟದಲ್ಲಿ ಸಂಕ್ರಮಣದ ದಿನಕ್ಕೆ ಅಡ್ಡಗೆರೆ ಎಳೆದು, ಅದರ ಮೇಲೆ ಹಿಂದಿನ ತುಳು ತಿಂಗಳು, ಕೆಳಗೆ ಮುಂದಿನದು. ಜುಲೈಯಲ್ಲಿ ಮೇಲಿನ ಅರ್ಧ ಕಾರ್ತೆಲ್, ಕೆಳಗಿನ ಅರ್ಧ ಆಟಿ. ದಿನಾಂಕ ಕದಲದ ಸಂತರು ಚೌಕದೊಳಗೆ. ಈಸ್ಟರಿನ ಜೊತೆ ಓಡಾಡುವ ಹಬ್ಬಗಳು ಬೇರೆ ಬಣ್ಣದಲ್ಲಿ. ಮಳೆ ನಕ್ಷತ್ರಗಳು, ಮೀನುಗಾರಿಕೆ ನಿಷೇಧ, ನೇಜಿ, ನಾಟಿ, ಕೊಯ್ಲು ಅಂಚಿನಲ್ಲಿ ಉದ್ದಕ್ಕೆ. ಮೇ 15ರ ಚೌಕಕ್ಕೆ ರೈತರ ಸಂತ ಇಸಿದೋರರು ಬರುತ್ತಾರೆ, ಬೇಶ ತಿಂಗಳ ಗೆರೆಯೂ ಅಲ್ಲಿಯೇ ಬೀಳುತ್ತದೆ. ಬೀಜ ಆಶೀರ್ವದಿಸುವ ಪ್ರಾರ್ಥನೆಗೆ ಆ ದಿನ ಒಳ್ಳೆಯದೆಂದು ಪಾದ್ರಿಗಳಿಗೆ ಹೇಳಿ ನೋಡಬೇಕೆಂದಿದ್ದೇನೆ.

ಶಿರ್ವದ ಮೇಷ್ಟ್ರು

ಫೆಬ್ರವರಿ 3ರ ಸಂತ ಬ್ಲೇಸರನ್ನು ಬಿಡಬೇಡಿ. ಮಂಜು ಬಿದ್ದು ಗಂಟಲು ಕಟ್ಟುವ ದಿನಗಳಲ್ಲಿಯೇ ಕುತ್ತಿಗೆಗೆ ಎರಡು ಮೊಂಬತ್ತಿ ಅಡ್ಡ ಹಿಡಿದು ಆಶೀರ್ವಾದ ಕೊಡುವ ಹಬ್ಬ. ಯುರೋಪಿನಿಂದ ಬಂದು ಇಲ್ಲಿಯ ಹವೆಗೂ ಸರಿಹೊಂದಿದ ಕೆಲವೇ ಕೆಲವರಲ್ಲಿ ಅವರೂ ಒಬ್ಬರು.

ಬೋಂದೆಲ್ ಗುಡ್ಡೆ

ಆಗಸ್ಟ್ 10?

ಕುಲಶೇಖರದವಳು

ಇದೆ ಅಕ್ಕ. ಆಗಸ್ಟ್ ಚೌಕದಲ್ಲಿ ಬೋಂದೆಲ್, ಜನವರಿಯ ಕೊನೆಯ ವಾರದಲ್ಲಿ ಅತ್ತೂರು.

ಕಂಕನಾಡಿ ಮಾರ್ಕೆಟ್

ಎಲ್ಲ ಸರಿ, ಆದರೆ ಚೌಕದಲ್ಲಿ ಒಂದಿಷ್ಟು ಖಾಲಿ ಜಾಗ ಬಿಡುತ್ತೀರಾ ಇಲ್ಲವಾ? ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಕೆಲಸದವರು ಬಾರದ ದಿನ ಎಲ್ಲವನ್ನೂ ಬರೆಯುವುದು ಕ್ಯಾಲೆಂಡರಿನ ಮೇಲೆಯೇ. ಹೋದ ವರ್ಷ ಯಾರೋ ಕೊಟ್ಟ ಕ್ಯಾಲೆಂಡರಿನ ಚೌಕ ತುಂಬಿಹೋಗಿದ್ದುದರಿಂದ ನನ್ನ ಹೆಂಡತಿ ಅದನ್ನು ಕಪಾಟಿನ ಹಲಗೆಗೆ ಹಾಸಿದ್ದಾಳೆ.

ಕುಲಶೇಖರದವಳು

ಚೌಕದ ಕೆಳಗಿನ ಮೂರನೆಯ ಒಂದು ಭಾಗ ಖಾಲಿ. ಸೆಪ್ಟೆಂಬರ್ 8ಕ್ಕೆ ಮಾತ್ರ ಬಿಡಲು ಆಗಲಿಲ್ಲ, ಆ ದಿನ ಹಾಲಿನ ಲೆಕ್ಕವನ್ನು 9ರ ಚೌಕದಲ್ಲಿ ಬರೆದುಕೊಳ್ಳಿ.